ಒಂಬತ್ತನೇ ಬಿ ಕಾದವನು

“ನಿಮ್ಮಪ್ಪ ನಮ್ಮನೆ ದನ ಕಾದ, ನೀನು ಕ್ಲಾಸು ಕಾದೆ. ಕಾಯಾದೂ ಪಾಠ ಮಾಡಾದೂ ಒಂದೇ ಏನ್ಲಾ ಮಂಚ?”

ಅರಕಲಗೂಡು ರಸ್ತೆಯ ಹೈಸ್ಕೂಲಿನ ಸೆಕ್ರೆಟರಿ ಚನ್ನಪ್ಪ ಅರ್ಜಿಯನ್ನು ಮೇಜಿನ ಮೇಲೆ ಬಿಸಾಕಿದ. ಹನ್ನೊಂದು ವರ್ಷದಿಂದ ಹಂಗಾಮಿಯಾಗಿ ಅಲ್ಲಿನ ಗ್ರಂಥಾಲಯ ನೋಡಿಕೊಂಡಿದ್ದ ಮಂಚಯ್ಯ ನಿಂತೇ ಇದ್ದ. ಎದುರಿನ ಕುರ್ಚಿ ಖಾಲಿಯಿತ್ತು, ಕೂರು ಎಂದವರಿಲ್ಲ. ಈಗ ಆ ಹುದ್ದೆ ಕಾಯಂ ಆಗುತ್ತಿತ್ತು. ಜೊತೆಗೊಂದು ಹೊಸ ಷರತ್ತು: ಮೂರು ವರ್ಷ ತರಗತಿಯಲ್ಲಿ ಪಾಠ ಮಾಡಿರಬೇಕು.

ಷರತ್ತು ತಪ್ಪೆಂದು ಮಂಚಯ್ಯನಿಗೂ ಅನ್ನಿಸಲಿಲ್ಲ. ಪಾಠ ಮಾಡಿದ್ದರಿಂದಲೇ ಯಾವ ಮಗುವಿನ ಕೈಗೆ ಯಾವ ಪುಸ್ತಕ ಇಡಬೇಕೆಂದು ಅವನಿಗೆ ಗೊತ್ತಾಗಿದ್ದು. ಆದರೆ ಮೂರೇ ವರ್ಷ ಯಾಕೆ? ಅದೇ ಹುದ್ದೆಗೆ ಅರ್ಜಿ ಹಾಕಿದ್ದ ಚನ್ನಪ್ಪನ ಸೊಸೆ ಸ್ನೇಹಲತಾ ಹಾಸನದ ಯಾವುದೋ ಕಾನ್ವೆಂಟಿನಿಂದ ತಂದ ಸರ್ಟಿಫಿಕೇಟಿನಲ್ಲೂ ಸರಿಯಾಗಿ ಮೂರೇ ವರ್ಷ. ಅಳತೆ ಕೊಟ್ಟು ಹೊಲಿಸಿದ ರವಿಕೆಯಂತಿತ್ತು ಆ ಷರತ್ತು.

“ಗೌರೀಶಂಕರ ಮೇಷ್ಟ್ರು ಆಲಿನ ಡೈರಿ ಕಡೀಕ್ ಓದಾಗ್ಲೆಲ್ಲ ಕನ್ನಡ ಪಾಠ ಮಾಡ್ದೋನು ನಾನೇ ಸಾ. ಆರ್ ವರ್ಸ. ರಿಜಿಸ್ಟ್ರು ನೋಡಿ.”

ರಿಜಿಸ್ಟರು ಅಲ್ಲೇ ಇತ್ತು. ಮೇಷ್ಟರ ಮುದ್ದಾದ ಅಕ್ಷರದಲ್ಲಿ ಪುಟಪುಟಕ್ಕೂ ಒಂದೇ ಸಾಲು: ‘ಮಂಚಯ್ಯ ತರಗತಿ ಕಾದರು.’ ಕೆಳಗೆ ಮಂಚಯ್ಯನದೇ ರುಜು. ‘ಕಾದರು’ ಎಂಬ ಬಹುವಚನ ಕಂಡು ಹಿಗ್ಗಿಬಿಟ್ಟಿದ್ದ, ಪೆದ್ದ! ಹಾಗಾದರೆ ಇವರು ಆಗಲೇ ಇದನ್ನೆಲ್ಲ ಹೂಡಿದ್ದರೇ?

“ನಿನ್ ರುಜು ತಾನೆ? ಓಗ್ಲಾ ಬೋಳಿಮಗ್ನೇ. ಒಂಬತ್ತನೇ ಬಿ ಗಲಾಟೆ ಮಾಡ್ತಾವೆ, ಓಗ್ ಕಾಯಿ.”

ಮಂಚಯ್ಯ ಹೋದ. ಸೀಮೆಸುಣ್ಣ ಹಿಡಿದು ಸುಮ್ಮನೆ ಕೂತ.

“ಸಾ, ಪಾಠ?” ಮುಂದಿನ ಬೆಂಚಿನ ನಿಸರ್ಗ ಕೇಳಿದಳು.

“ನಾನು ಕಾಯೋನು ಕಣವ್ವ.”

ಐದು ನಿಮಿಷದಲ್ಲಿ ಕ್ಲಾಸು ಸಂತೆಯಾಯಿತು. ಚನ್ನಪ್ಪ ಬಾಗಿಲಿಗೆ ಓಡಿಬಂದ. “ಯಾಕ್ಲಾ, ಬಾಯ್ಗೆ ಕಡುಬು ತುರುಕ್ಕಂಡಿದ್ದೀಯಾ?”

ಮಂಚಯ್ಯ ಎದ್ದು ಬೆರಳು ತೋರಿಸಿ ಒಂದೊಂದೇ ತಲೆ ಎಣಿಸಿದ. ಸೀಮೆಸುಣ್ಣವನ್ನು ಚನ್ನಪ್ಪನ ಅಂಗೈಗಿಟ್ಟ.

“ಇವತ್ತು ಕಾದಿವ್ನಿ ಸಾ. ನಲವತ್ತೊಂದು ಅವೆ, ಒಂದೂ ತಪ್ಪುಸ್ಕಂಡಿಲ್ಲ. ಎಣಿಸ್ಕಳಿ. ಪಾಠಕ್ಕೆ ನಿಮ್ ಸೊಸೇನ ಕಳ್ಸಿ.”

ಆಮೇಲೆ ಆಫೀಸಿಗೆ ನಡೆದು, ಖಾಲಿ ಕುರ್ಚಿ ಎಳೆದು ಕೂತ. ರಿಜಿಸ್ಟರಿನ ಮೊದಲ ಪುಟ ತೆರೆದು ‘ಕಾದರು’ ಹೊಡೆದುಹಾಕಿ, ‘ಪಾಠ ಮಾಡಿದರು’ ಎಂದು ಬರೆದ. ಮುಂದಿನ ಸಾಲಿಗೆ ಹೋದ.