ಬೇವಿನ ಬುಡದ ಉಸಿರು

ನನ್ನ, ಈ ಗುರುಬಸವ್ವನ ಹೊಲಕ್ಕೆ ಕೇಳದೆ ಕಾಲಿಡುವುದೆಂದರೇನು? ಧಾರವಾಡದ ಕೃಷಿ ಕಾಲೇಜಿನಿಂದ ಬಂದ ಹುಡುಗ ಅಜಿತನಿಗೆ ಮೊದಲ ದಿನವೇ ಬೈದೆ. ತೊರಗಲ್ ಗುಡ್ಡದ ತುಂಬ ಅಡವಿ ಇರುವಾಗ ಇವನಿಗೆ ನನ್ನ ಹೊಲದಂಚಿನ ಬೇವೇ ಬೇಕಾಗಿತ್ತು. ಬುಡದಲ್ಲಿ ಪೈಪಿನ ತುಂಡು ಊರಿ, ಮೇಲೆ ಮುಚ್ಚಳದ ಡಬ್ಬಿ ಕೂರಿಸಿದ್ದ.

"ಏನು ಅಗ್ಯಾಕ ಹತ್ತೀಯೋ ಅಲ್ಲೆ?"

"ಅಗ್ಯಾಕ ಹತ್ತಿಲ್ರಿ ಆಯಿ. ಮಣ್ಣು ಎಷ್ಟು ಉಸುರು ಬಿಡತೈತಿ ಅಂತ ಅಳೀತೇನ್ರಿ."

ಅಲ್ಲಿ ನನ್ನ ಚೊಚ್ಚಲ ಕೂಸಿದೆ. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅದಕ್ಕೆ ಹೆಸರಿಲ್ಲ, ಮೇಲೊಂದು ಕಲ್ಲಿಲ್ಲ. ಮಣ್ಣು ಮುಚ್ಚಿದ ಮೇಲೆ ಯಜಮಾನರು ಗುರುತಿಗೆಂದು ಬೇವಿನ ಸಸಿ ನೆಟ್ಟರು. ಈಗ ಅವರೂ ಇಲ್ಲ. ಅದು ಹುಟ್ಟಿತ್ತು ಎನ್ನುವುದಕ್ಕೆ ನಾನು ಮತ್ತು ಆ ಮಣ್ಣು, ಇಷ್ಟೇ ಉಳಿದಿರುವುದು.

"ಮಣ್ಣಿಗೆಂಥಾ ಉಸುರೋ?"

"ಗಾಳಿಯೊಳಗ ಕಾರ್ಬನ್ ಡೈಆಕ್ಸೈಡ್ ಏರಾಕ ಹತ್ತೈತ್ರಿ. ಅದನ್ನ ಉಂಡು ಗಿಡಾ ಬೇರು ಆಳಕ್ಕ ಬಿಡತಾವು. ಬೇರು ಸಕ್ಕರಿ ಸುರೀತಾವು, ಅದನ್ನ ತಿಂದು ಮಣ್ಣಾಗಿನ ಸಣ್ಣ ಜೀವ ಹುರುಪಿಗೆ ಬಂದು, ಎಂದೋ ಹುದುಗಿದ್ದ ಹಳೇದನ್ನೂ ಕರಗಸತಾವು. ಅದು ಉಸುರಾಗಿ ಮ್ಯಾಲ ಬರತೈತ್ರಿ."

"ಹಳೇದಂದ್ರ ಎಷ್ಟು ಹಳೇದು?"

"ನಾವು ಹುಟ್ಟೂಕಿಂತ ಮೊದಲಿಂದೂ ಇರಬಹುದ್ರಿ."

ಈ ವರ್ಷ ಬೇವು ಎಂದೂ ಇಲ್ಲದಷ್ಟು ಚಿಗುರಿತ್ತು. ಎಂಥ ಹುಚ್ಚಿ ನಾನು, ಕೆಳಗೆ ಕರಗುತ್ತಿರುವುದು ಏನೆಂದು ತಿಳಿಯದೆ ಕಣ್ತುಂಬ ನೋಡಿ ಹಿಗ್ಗಿದ್ದೆ. ಯುಗಾದಿಗೆ ಅದರ ಹೂವನ್ನೇ ಬೆಲ್ಲಕ್ಕೆ ಹಾಕಿದ್ದೆ.

ಅಂದಿನಿಂದ ಹೊಲದಲ್ಲಿ ಎಲ್ಲಿ ನಿಂತರೂ ಆ ಡಬ್ಬಿಯ ಗುಂಯ್ ಸದ್ದು. ಮುಚ್ಚಳ ತಾನಾಗಿ ಮುಚ್ಚುತ್ತದೆ, ಒಳಗೆ ಉಸಿರು ತುಂಬುತ್ತದೆ, ಮತ್ತೆ ತಾನಾಗಿ ತೆರೆಯುತ್ತದೆ. ತಡೆಯಲಾರದೆ ಹೇಳಿಯೇಬಿಟ್ಟೆ, "ಅಲ್ಲೆ ನನ್ನ ಕೂಸು ಐತಿ ತಮ್ಮಾ. ಮುಚ್ಚಳಾ ತಗೀಬ್ಯಾಡ."

ಅಜಿತ ಚಪ್ಪಲಿ ಕಳಚಿ ಬದಿಗಿಟ್ಟ. "ಮುಚ್ಚಿಟ್ರೂ ನಿಲ್ಲಂಗಿಲ್ರಿ ಆಯಿ. ಸುತ್ತಲಿಂದ ಹೊಂಟ ಹೋಗತೈತಿ."

"ಗಿಡಾ ಕಡಸಿದ್ರ?"

"ಬೇರು ಕೊಳತು ಇನ್ನೂ ಹೆಚ್ಚ ಬರತೈತ್ರಿ."

ಡಬ್ಬಿ ಕಿತ್ತು ಒಯ್ಯುತ್ತೇನೆಂದ. ಬೇಡವೆಂದೆ. ಅವನು ಬುತ್ತಿ ಬಿಚ್ಚಲು ಆಚೆ ಹೋದಾಗ ಮೊಳಕಾಲೂರಿ ಕಾದು ಕುಳಿತೆ. ಮುಚ್ಚಳ ಎದ್ದ ಕೂಡಲೇ ಬಾಯಿಟ್ಟು ಆ ಉಸಿರನ್ನು ಎಳೆದುಕೊಂಡೆ. ಹಸಿ ಮಣ್ಣಿನ ವಾಸನೆ, ಬೇರಿನ ಕಹಿ. ತುಟಿ ಬಿಗಿದು ಒಳಗೇ ಹಿಡಿದೆ. ಒಂಬತ್ತು ತಿಂಗಳು ಹಿಡಿದಿಟ್ಟುಕೊಂಡವಳಿಗೆ ಇದೇನು ಮಹಾ ಅಂದುಕೊಂಡೆ.

ಕಿವಿ ಗುಂಯ್ಗುಟ್ಟಿತು, ಕಣ್ಣಿಗೆ ಕತ್ತಲೆ ಬಂತು. ಆಮೇಲೆ ಬಿಡಬೇಕಾಯಿತು.