ಹುರಿ ಕಟ್ಟಿದ ಎಂಟು ಸ್ಪ್ರಿಂಗು

ಆಯುಧಪೂಜೆಯ ದಿನ ಸಿರುಗುಪ್ಪದಲ್ಲಿ ಬಳ್ಳಾರಿ ಬಸ್ಸಿನ ಡ್ರೈವರ್ ಬಾನೆಟ್ಟಿಗೆ ಕಟ್ಟಿದ್ದ ಜಿಡ್ಡು ಹಗ್ಗವನ್ನು ಬಿಚ್ಚಿ ಬಿಸಾಕಿ, ಕಬ್ಬಿಣ ತೊಳೆದು ಮೂರು ಎಳೆ ವಿಭೂತಿ ಬಳಿದ. ನೋಡುತ್ತಾ ಕೂತಿದ್ದ ಮೆಕ್ಯಾನಿಕ್ ಹಾಲಸಿದ್ದಪ್ಪನ ಎದೆ ಧಸಕ್ಕೆಂದಿತು.

ಬಳ್ಳಾರಿಯ ಕೌಲ್ ಬಜಾರಿನ ಅವನ ಮನೆಯ ಗೂಡಿನಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಸಿರುಗುಪ್ಪದ ಅಕ್ಕಿ ವ್ಯಾಪಾರಿಯೊಬ್ಬನ ಹಳೇ ಕಾರಿನ ಇಂಜಿನ್ ಬಿಚ್ಚಿದ್ದ ಅವನು, ಅದರ ಎಂಟು ವಾಲ್ವ್ ಸ್ಪ್ರಿಂಗುಗಳನ್ನು ನಿನ್ನೆ ವೈಸಿನ ಕಬ್ಬಿಣದ ದವಡೆಯಲ್ಲಿ ಅದುಮಿ ಕುಗ್ಗಿಸಿ, ಹುರಿಯಿಂದ ಬಿಗಿದು, ಎಣ್ಣೆ ಸವರಿ ಆ ಡಬ್ಬಿಯಲ್ಲಿಟ್ಟಿದ್ದ. ಹಾಗೆ ಕಟ್ಟಿದರೆ ಇಂಜಿನ್ನಿನ ಇಕ್ಕಟ್ಟಿನಲ್ಲಿ ಸಲೀಸಾಗಿ ಕೂರುತ್ತವೆ, ಆಮೇಲೆ ಹುರಿ ಕತ್ತರಿಸಿದರಾಯಿತು. ಆದರೆ ಕೆಲಸ ಕಲಿಸಿದ ಮಾರೆಣ್ಣ ಸಾವಿರ ಸಲ ಹೇಳಿದ್ದ: "ಕೂಡ್ಸೋ ಹೊತ್ತಿಗೆ ಒಂದೊಂದ ಕಟ್ಟಬೇಕಲೇ. ಕಟ್ಟಿದ್ದನ್ನ ಮನಿಯಾಗ ಇಡಬಾರದು." ಮಾರೆಣ್ಣನಿಗೆ ಇದ್ದದ್ದು ಒಂದೇ ಕಣ್ಣು. ಇನ್ನೊಂದನ್ನು ಹುರಿ ಬಿಚ್ಚಿ ಚಿಮ್ಮಿದ ಸ್ಪ್ರಿಂಗು ತಿಂದಿತ್ತು. ಆದರೂ ಹಾಲಸಿದ್ದಪ್ಪ ಮಹಾ ಜಾಣನಂತೆ ಎಂಟನ್ನೂ ಕಟ್ಟಿಟ್ಟು, ವ್ಯಾಪಾರಿಯ ಬಳಿ ಇದ್ದ ವಾಲ್ವ್ ಒಂದನ್ನು ತರಲು ಬೆಳಿಗ್ಗೆಯೇ ಹೊರಟು ಬಂದಿದ್ದ.

ಹೊರಡುವಾಗ ಹೆಂಡತಿ ಕೊಟ್ರಬಸಮ್ಮ, "ಡಬ್ಬಿಯಾಗಿನ ಸಾಮಾನಕ್ಕೂ ಪೂಜಿ ಮಾಡ್ಲೇನ್ರಿ?" ಅಂದಿದ್ದಳು. ಅವನು ಚಪ್ಪಲಿ ಮೆಟ್ಟುತ್ತಾ ಹ್ಞೂಂ ಅಂದಿದ್ದ.

ಅವಳೋ, ಪೊಟ್ಟಣದ ದಾರವನ್ನೂ ಬಿಚ್ಚಿ ಉಂಡೆ ಸುತ್ತಿಡುವವಳು. ಜಿಡ್ಡು ಹುರಿಯ ಮೇಲೆ ವಿಭೂತಿ ಹಚ್ಚುವವಳಲ್ಲ. ಬಿಚ್ಚುತ್ತಾಳೆ. ಬಿಚ್ಚದ ಗಂಟನ್ನು ಹಲ್ಲಿನಿಂದ ಕಚ್ಚುತ್ತಾಳೆ. ಹಾಲಸಿದ್ದಪ್ಪ ಎದ್ದು ಬಸ್ಸು ಹತ್ತಿದ.

ಎರಡನೇ ಮಹಾಯುದ್ಧ ಮುಗಿದು ವರ್ಷವಾದರೂ ಪೆಟ್ರೋಲಿಗೆ ಬರ. ಹಿಂದೆ ಕಟ್ಟಿದ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಓಡುವ ಬಸ್ಸು ಬಸುರಿಯಂತೆ ಏದುಸಿರು ಬಿಡುತ್ತಾ ಹೊರಟಿತು. ಕುರುಗೋಡಿನಲ್ಲಿ ಕಂಡಕ್ಟರ್ ಡ್ರಮ್ಮಿನ ಇದ್ದಿಲು ಕೆದಕುತ್ತಾ ಅರ್ಧ ತಾಸು ನಿಂತ. "ಜಲ್ದಿ ನಡೀರಿ, ನಿಮ್ಮ ಕಾಲು ಬೀಳ್ತೀನಿ" ಅಂದ ಹಾಲಸಿದ್ದಪ್ಪ. ಹಬ್ಬದ ಹೋಳಿಗೆಗೆ ಇಷ್ಟು ಅವಸರವೇ ಎಂದು ಜನ ನಕ್ಕರು. ಅವನಿಗೆ ಅಳು ಬಂತು.

ಬಳ್ಳಾರಿಯಲ್ಲಿ ಇಳಿದವನೇ ಓಡಿದ. ಬಾಗಿಲು ತೆರೆದಿತ್ತು. ಒಳಗೆ ಕೊಟ್ರಬಸಮ್ಮ ಆರತಿ ಬೆಳಗುತ್ತಿದ್ದಳು. ಮಣೆಯ ಮೇಲೆ ಎಂಟೂ ಸ್ಪ್ರಿಂಗುಗಳು ಸಾಲಾಗಿ ನಿಂತಿದ್ದವು, ಹುರಿಯ ಮೇಲೆಯೇ ವಿಭೂತಿ. ಬಿಚ್ಚಿರಲಿಲ್ಲ. ಅವನು ನೆಮ್ಮದಿಯ ಉಸಿರು ಬಿಟ್ಟ.

ಆಗ ಕಂಡಿತು. ಆರತಿಯ ಕರ್ಪೂರದ ಕಿಡಿ ಹಾರಿ, ಕೊನೆಯ ಸ್ಪ್ರಿಂಗಿನ ಎಣ್ಣೆ ಹುರಿ ಹೊತ್ತಿಕೊಂಡಿತ್ತು. ಕೊಟ್ರಬಸಮ್ಮ ಅದನ್ನು ಊದಿ ಆರಿಸಲು ಬಗ್ಗಿದಳು. ಅವಳ ಮುಖಕ್ಕೂ ಅದಕ್ಕೂ ಗೇಣು ದೂರ.

ಅವನು ನುಗ್ಗಿ ಅಂಗೈ ಅಡ್ಡ ಹಿಡಿದ. ಹುರಿ ಹರಿದು ಸ್ಪ್ರಿಂಗು ಚಿಮ್ಮಿ ಅಂಗೈ ಸೀಳಿ, ತೊಲೆಗೆ ಬಡಿದು ಕೆಳಗೆ ಬಿತ್ತು. ಕೊಟ್ರಬಸಮ್ಮನ ಹಣೆಯ ಮೇಲೆ ರಕ್ತ ಕಂಡು ಅವನ ಜೀವವೇ ಹೋಯಿತು. ಅದು ಅವನದೇ ರಕ್ತ.

ಅವಳು ಮೊದಲು ದೀಪ ಮತ್ತು ಆರತಿಯನ್ನು ದೂರ ಇಟ್ಟಳು. ಆಮೇಲೆ ಸೆರಗು ಹರಿದು ಅವನ ಕೈಗೆ ಸುತ್ತಿದಳು.

"ನೀವ ಕಟ್ಟಿದ್ದು ಅಂತ ನಾ ಬಿಚ್ಚಲಿಲ್ಲ. ಇದರೊಳಗ ಇಷ್ಟು ಸಿಟ್ಟು ಐತಿ ಅಂತ ಒಂದು ಮಾತು ಹೇಳಿದ್ರ ಏನಾಗ್ತಿತ್ತು?"

ಅವನಿಗೆ ನಾಚಿಕೆಯಾಯಿತು.

ಬಿಚ್ಚಬೇಕಾದ್ದು ಇನ್ನೂ ಏಳು ಉಳಿದಿದ್ದವು. ಅವನ ಬಲಗೈ ನಡೆಯದು. ಒಂದೊಂದನ್ನೇ ಎಡಗೈಯಿಂದ ವೈಸಿನಲ್ಲಿ ಇಟ್ಟ, ಅವಳು ಹಿಡಿ ತಿರುಗಿಸಿ ಬಿಗಿದಳು. ಹುರಿಗೆ ಕತ್ತರಿ ಇಡುವ ಮುನ್ನ ಪ್ರತಿ ಸಲವೂ, "ಕತ್ತರಿಸ್ಲೇನ್ರಿ?" ಎಂದು ಕೇಳಿದಳು.

ಅವನು ಮೊದಲು ಅವಳ ಮುಖ ಎಷ್ಟು ದೂರವಿದೆಯೆಂದು ನೋಡುತ್ತಿದ್ದ. ಅವಳ ಎರಡೂ ಕಣ್ಣು ನೋಡುತ್ತಿದ್ದ. ಆಮೇಲೆ ಹ್ಞೂಂ ಅನ್ನುತ್ತಿದ್ದ.