ನನ್ನನ್ನೂ ಬಿಡಿಸು

ನನಗೆ ಕಲ್ಪನೆ ಇಲ್ಲ. ಇದನ್ನು ನಾನು ಯಾವತ್ತೂ ಮುಚ್ಚಿಟ್ಟವಳಲ್ಲ. ಶಾಲೆಯ ಗೋಡೆಗೆ ತೂಗುಹಾಕುವ ಚಾರ್ಟುಗಳಿಗೆ ಇಪ್ಪತ್ತೆರಡು ವರ್ಷದಿಂದ ಚಿತ್ರ ಬಿಡಿಸುತ್ತಿದ್ದೇನೆ. ಹಣ್ಣುಗಳು, ವಾಹನಗಳು, ಸಾಕುಪ್ರಾಣಿಗಳು, ಮನುಷ್ಯನ ಜೀರ್ಣಾಂಗಗಳು. ಎದುರಿಗೆ ಇಟ್ಟದ್ದನ್ನು ಇದ್ದ ಹಾಗೆ ಬಿಡಿಸುತ್ತೇನೆ. ಎದುರಿಗೆ ಏನೂ ಇಲ್ಲದಿದ್ದರೆ ಪೆನ್ಸಿಲಿಗೂ ನನಗೂ ಸಂಬಂಧವೇ ಇಲ್ಲ. ಜೀರ್ಣಾಂಗಗಳನ್ನು ಯಾರನ್ನು ಕೂರಿಸಿಕೊಂಡು ಬಿಡಿಸಿದೆ ಎಂದು ಕೇಳಬೇಡಿ. ಒಂದು ಹಳೆಯ ಚಾರ್ಟು ನೋಡಿ ಬಿಡಿಸಿದೆ, ಅದರಲ್ಲಿದ್ದ ತಪ್ಪೂ ಹಾಗೇ ಬಂದಿದೆ.

ಹೆಚ್ಚು ಖರ್ಚಾಗುವುದು ‘ನಮ್ಮ ಸಹಾಯಕರು’ ಎಂಬ ಚಾರ್ಟು. ಹನ್ನೆರಡು ಚೌಕ, ಚೌಕಕ್ಕೊಬ್ಬರು, ಕೆಳಗೊಂದು ಸಾಲು. ಇವರು ಬಟ್ಟೆ ಹೊಲಿಯುತ್ತಾರೆ. ಇವರು ಕಾಗದ ತಂದುಕೊಡುತ್ತಾರೆ. ಮುಖಗಳೆಲ್ಲ ನಮ್ಮ ಬೀದಿಯವೇ. ದರ್ಜಿ ನಮ್ಮ ಕೆಳಗಿನ ಮನೆಯವ, ನರ್ಸಮ್ಮ ಎದುರು ಮನೆ, ನಲ್ಲಿ ರಿಪೇರಿಯವನನ್ನು ನಲ್ಲಿ ಕೆಟ್ಟ ದಿನವೇ ಹಿಡಿದು ಕೂರಿಸಿದ್ದೆ. ವೈದ್ಯರು ಮಾತ್ರ ಪುರುಸೊತ್ತಿಲ್ಲ ಅಂದುಬಿಟ್ಟರು. ಹಾಗಾಗಿ ಕ್ಷೌರದವನಿಗೇ ಬಿಳಿ ಕೋಟು ತೊಡಿಸಿ ಎರಡು ಚೌಕದಲ್ಲಿ ಕೂರಿಸಿದೆ. ಮಕ್ಕಳು ಕಂಡುಹಿಡಿದಿದ್ದಾರಂತೆ, ಮೇಷ್ಟ್ರುಗಳು ಇನ್ನೂ ಹಿಡಿದಿಲ್ಲ.

ಕೂರಿಸುವುದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ. ನಾನು ಅವರೆದುರು ಹಲಗೆ ಹಿಡಿದು ಕೂರುತ್ತೇನೆ. ನನ್ನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಿಗೆ ಒರಗಿ, ಅಕ್ಕ ನಿಲ್ಲುತ್ತಾಳೆ. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತು. ಅಂದಿನಿಂದ ನನ್ನನ್ನೂ ತಮ್ಮನನ್ನೂ ಸಾಕಿದವಳು ಅವಳೇ, ನಾನೂ ಅವಳೂ ಕೂದಲು ನರೆಸಿಕೊಂಡದ್ದು ಒಂದೇ ಸೂರಿನಡಿ. ಅಕ್ಕನ ಬಾಯಿ ಸುಮ್ಮನಿರುವುದಿಲ್ಲ. ಕೂತವರನ್ನು ಮಾತಿಗೆಳೆಯುತ್ತಾಳೆ. “ನರ್ಸಮ್ಮ, ನಿಮ್ಮತ್ತೆ ಈಗ ಮಾತಾಡ್ತಾರಾ, ಇಲ್ಲ ಇನ್ನೂ ಗೋಡೆ ಕಡೆ ನೋಡ್ಕೊಂಡೇ ಊಟ ಮಾಡ್ತಾರಾ?” ಎನ್ನುತ್ತಾಳೆ. “ಏನಪ್ಪಾ, ನಿನ್ನ ಮಗಳು ಈಜು ಕಲಿತಳಾ, ಇಲ್ಲ ನೀರು ಕುಡಿಯೋದನ್ನ ಕಲಿತಳಾ?” ಎನ್ನುತ್ತಾಳೆ. ಅವರು ನಗುತ್ತಾರೆ, ತಲೆ ಆಡಿಸುತ್ತಾರೆ, ನನ್ನ ಗೆರೆ ಹಾಳಾಗುತ್ತದೆ. “ಅಲ್ಲಾಡಬೇಡಿ” ಎಂದು ಅವರಿಗೆ, “ನೀನು ಸುಮ್ನಿರೇ” ಎಂದು ಅವಳಿಗೆ, ತಿರುಗಿ ನೋಡದೆಯೇ ಗದರುತ್ತಿದ್ದೆ. ಇಪ್ಪತ್ತೆರಡು ವರ್ಷ ನಾನು ಮಾಡಿದ ಮುಖ್ಯ ಸಂಭಾಷಣೆ ಇಷ್ಟೇ.

ಈ ವರ್ಷ ಪ್ರೆಸ್ಸಿನ ಯಜಮಾನ ಹೊಸ ಆವೃತ್ತಿ ತರುತ್ತೇನೆ ಎಂದ. ಹಳೆಯ ಮುಖಗಳ ಕೂದಲು, ಕಾಲರು ಎಲ್ಲ ಹಳೆಯದಾಗಿವೆ, ಹನ್ನೆರಡೂ ಹೊಸದಾಗಿ ಬೇಕು, ಎರಡೂವರೆ ತಿಂಗಳು ಸಮಯ ಎಂದ. ನಾನು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದೆ. ಅವಳು ನೆಲದ ಮೇಲೆ ಕಾಲು ಚಾಚಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಸಳು ಮುಗಿಸಿ, “ನನ್ನನ್ನೂ ಒಂದ್ಸಲ ಬಿಡಿಸೇ” ಎಂದಳು.

ಈಗ ಯೋಚಿಸಿ. ಅರವತ್ತು ದಾಟಿದ ಹೆಂಗಸು, ಮಂಡಿ ನೋವು, ನಲವತ್ತು ವರ್ಷದಿಂದ ಅದೇ ಒಲೆ, ಕೈಯಲ್ಲಿ ಬೆಳ್ಳುಳ್ಳಿ. ನನ್ನನ್ನೂ ಬಿಡಿಸು ಅಂದರೆ ಯಾರಿಗಾದರೂ ಏನು ಅರ್ಥವಾಗಬೇಕು? ಇಷ್ಟು ವರ್ಷ ಇವಳನ್ನು ಕಟ್ಟಿಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವತ್ತೇ ತಮ್ಮನಿಗೆ ಫೋನು ಮಾಡಿದೆ. ಅವನದು ಬೇರೆ ಊರು, ದೊಡ್ಡ ಮನೆ, ಒಳ್ಳೆಯ ಹೆಂಡತಿ. ಅಕ್ಕ ಎರಡು ತಿಂಗಳು ನಿಮ್ಮಲ್ಲಿರಲಿ, ಒಂದು ಲೋಟವನ್ನೂ ತೊಳೆಸಬೇಡಿ ಎಂದೆ. ಮಾರನೆಯ ದಿನ ಟಿಕೆಟ್ಟು ತಂದು ಅಕ್ಕನ ಮುಂದೆ ಇಟ್ಟೆ.

“ಇದೇನೇ?”

“ಬಿಡಿಸು ಅಂದ್ಯಲ್ಲ. ಬಿಡಿಸಿದೀನಿ. ಹೋಗಿ ಹಾಯಾಗಿರು.”

ಅಕ್ಕ ಟಿಕೆಟ್ಟು ನೋಡಿದಳು. ಆಮೇಲೆ, “ಕೇಳಿದ್ದೇ ತಪ್ಪಾಯ್ತು ಬಿಡು” ಎಂದು ಬಟ್ಟೆ ಮಡಚತೊಡಗಿದಳು. ಸಂಕೋಚಕ್ಕೆ ಹಾಗೆ ಹೇಳುತ್ತಾಳೆ ಅಂದುಕೊಂಡೆ. ಅವಳನ್ನು ಬಸ್ಸು ಹತ್ತಿಸಿ ಬರುವಾಗ ನನ್ನ ಬಗ್ಗೆ ನನಗೇ ತುಸು ಹೆಮ್ಮೆಯಿತ್ತು.

ಕೆಲಸ ಶುರು ಮಾಡಿದೆ. ದರ್ಜಿ ಬಂದು ಸ್ಟೂಲಿನ ಮೇಲೆ ಕೂತ. ನಾನು ಅಲ್ಲಾಡಬೇಡಿ ಅಂದೆ, ಅವನು ಅಲ್ಲಾಡಲಿಲ್ಲ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನಾನೇ ಎರಡು ಸಲ ನೋಡಬೇಕಾಯಿತು. ನರ್ಸಮ್ಮ ಬಂದಳು, ಗಡಿಯಾರ ನೋಡುತ್ತಾ ಕೂತಳು. ನಲ್ಲಿಯವನು ಕೈಯಲ್ಲಿ ಸ್ಪ್ಯಾನರು ಹಿಡಿದು, ಪೊಲೀಸರು ಹೇಳಿದ್ದಕ್ಕೆ ಹಿಡಿದುಕೊಂಡವನ ಹಾಗೆ ಕೂತ. ಗೆರೆ ಒಂದೂ ಹಾಳಾಗಲಿಲ್ಲ. ಇಷ್ಟು ಸಲೀಸಾಗಿ ನಾನು ಎಂದೂ ಬಿಡಿಸಿರಲಿಲ್ಲ.

ಯಜಮಾನ ಐದು ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಇವರು ಸಹಾಯಕರ ಥರ ಇಲ್ಲಮ್ಮ. ಸಹಾಯ ಬೇಕಾಗಿರೋರ ಥರ ಇದಾರೆ.”

“ಇದ್ದ ಹಾಗೆ ಬಿಡಿಸಿದೀನಿ.”

“ಕಾಣೆಯಾದವರ ಚಾರ್ಟು ಯಾವಾಗಾದ್ರೂ ಮಾಡಿದ್ರೆ ಇವನ್ನ ಹಾಕೋಣ” ಎಂದು ಐದನ್ನೂ ಹಿಂದಕ್ಕೆ ಕೊಟ್ಟ.

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಆದರೆ ಮನೆಗೆ ಬಂದು ಹಳೆಯ ಚಾರ್ಟಿನ ಪಕ್ಕ ಹೊಸವನ್ನು ಇಟ್ಟು ನೋಡಿದಾಗ ಅದು ಇಳಿದುಹೋಯಿತು. ಹಳೆಯ ದರ್ಜಿ ಸೂಜಿಗೆ ದಾರ ಪೋಣಿಸುತ್ತಾ ಏನೋ ತಮಾಷೆ ಕೇಳಿದವನ ಹಾಗಿದ್ದ. ಹಳೆಯ ನರ್ಸಮ್ಮ, ಅತ್ತೆಯ ವಿಷಯ ಈಗ ಹೇಳಲೋ ಆಮೇಲೆ ಹೇಳಲೋ ಎಂಬಂತಿದ್ದಳು. ಹನ್ನೆರಡೂ ಮುಖಗಳು ಚಾರ್ಟಿನಿಂದಾಚೆ ಒಂದೇ ಜಾಗ ನೋಡುತ್ತಿದ್ದವು. ನನ್ನ ತಲೆಗಿಂತ ಒಂದು ಗೇಣು ಮೇಲೆ, ನನ್ನ ಹಿಂದೆ. ನನ್ನ ಕಸುಬು ಎಂದು ನಾನು ತಿಳಿದುಕೊಂಡದ್ದರಲ್ಲಿ ಅರ್ಧ ಪಾಲು ಬಾಗಿಲಿಗೆ ಒರಗಿ ನಿಂತಿತ್ತು.

ಫೋನು ಮಾಡಿದೆ. ತಮ್ಮನ ಹೆಂಡತಿ ಎತ್ತಿದಳು. ಅಕ್ಕ ಪಕ್ಕದಲ್ಲೇ ಇದ್ದಾಳೆ ಎಂದು ಗೊತ್ತಾಗುತ್ತಿತ್ತು, ಆದರೆ ಫೋನಿಗೆ ಬರಲಿಲ್ಲ. “ಅವರು ಇಲ್ಲೇ ಇದ್ದುಬಿಡ್ತಾರಂತೆ ಕಣ್ರೀ” ಎಂದಳು ನಾದಿನಿ. “ಅಲ್ಲಿ ನನ್ನಿಂದ ಯಾರಿಗೇನಾಗಬೇಕು ಅಂತಾರೆ. ಪಾತ್ರೆ ಮುಟ್ಟಿಸ್ತಿಲ್ಲ ಅಂತ ನನ್ಮೇಲೂ ಸಿಟ್ಟು.”

ಇದ್ದುಬಿಡುತ್ತಾಳೆ. ಆ ಮಾತು ಕೇಳಿ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಕೊಂಡೆ. ಹಸಿವಾಗಿರಲಿಲ್ಲ. ಚಾರ್ಟು ಹಾಳಾಗಿ ಹೋಗಲಿ, ಅವಳು ಬರಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಅದನ್ನು ಫೋನಿನಲ್ಲಿ ಹೇಳಲು ಮಾತ್ರ ನನಗೆ ಬರಲಿಲ್ಲ.

ಎರಡು ದಿನ ಬಿಟ್ಟು ದರ್ಜಿ ಮೇಲೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ.

“ಅಕ್ಕಂದು. ಹೊಲಿದು ಇಟ್ಟು ತಿಂಗಳಾಯ್ತು, ತಗೊಂಡೇ ಹೋಗಿಲ್ಲ” ಎಂದ. ಬಿಚ್ಚಿದೆ. ನೀಲಿ ರವಿಕೆ, ಕತ್ತಿನ ಸುತ್ತ ಬಿಳಿಯ ಪಟ್ಟಿ. ಅಕ್ಕ ಹೊಸ ಬಟ್ಟೆ ಹೊಲಿಸಿದ್ದನ್ನು ನಾನು ಈಚೆಗೆ ಕಂಡಿರಲಿಲ್ಲ.

“ಇದ್ಯಾಕೆ?”

“ಚಿತ್ರಕ್ಕೆ” ಎಂದ ದರ್ಜಿ. “ಮುಂದಿನ ಸಲ ತಂಗಿ ಹತ್ರ ನನ್ನನ್ನೂ ಬಿಡಿಸು ಅಂತ ಕೇಳ್ತೀನಿ, ಬಿಳೀ ಪಟ್ಟಿ ಇದ್ರೆ ಮುಖ ಎದ್ದು ಕಾಣುತ್ತೆ ಅಲ್ವಾ ಅಂದ್ರು. ಕೇಳೋಕೇ ಇಷ್ಟು ವರ್ಷ ತಗೊಂಡ್ರು ನೋಡಿ. ಕೇಳಲಿಲ್ವಾ?”

“ಕೇಳಿದಳು” ಎಂದೆ. “ನಾನು ಬಸ್ಸು ಹತ್ತಿಸಿದೆ.”

ದರ್ಜಿ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿಕೊಂಡ. ಚಿತ್ರ ಬಿಡಿಸುವುದೇ ಕಸುಬಾದವಳ ಮನೆಯಲ್ಲಿ ಬಿಡಿಸು ಎಂಬ ಮಾತು ಅರ್ಥವಾಗಲಿಲ್ಲ ಎಂದರೆ ಯಾರು ತಾನೇ ಏನು ಹೇಳಿಯಾರು? ಕೊನೆಗೆ, “ಹಾಗಾದ್ರೆ ಈಗ ಬಿಡಿಸಿ, ಕಳಿಸಿ” ಎಂದು ಹೋದ.

ಹಲಗೆ ತೆಗೆದುಕೊಂಡು ಕೂತೆ. ಸ್ಟೂಲು ಖಾಲಿಯಿತ್ತು. ಅಕ್ಕನ ಹೆಜ್ಜೆಯ ಸಪ್ಪಳ ಗೊತ್ತು. ಪಕ್ಕದಲ್ಲಿ ಲೋಟ ಇಡುವ ಕೈ ಗೊತ್ತು, ಆ ಕೈಯ ಸುಟ್ಟ ಕಲೆ ಗೊತ್ತು. ದನಿಯಂತೂ ಸತ್ತರೂ ಮರೆಯುವುದಿಲ್ಲ. ಮುಖ ಎಂದರೆ ಒಂದು ದುಂಡನೆಯ ಗೆರೆ ಬಂತು. ಅದರೊಳಗೆ ಏನು ಹಾಕಬೇಕೆಂದು ತಿಳಿಯಲಿಲ್ಲ. ಬೀದಿಯವರೆಲ್ಲರ ಮುಖವನ್ನು ಹುಬ್ಬಿನ ಕೂದಲು ಎಣಿಸಿ ಬಿಡಿಸಿದವಳಿಗೆ ಸಾಕಿದವಳ ಮೂಗು ಹೇಗಿದೆ ಎಂದು ಗೊತ್ತಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಯೋಚಿಸಿದೆ: ನಾನು ಅವಳಿಗೆ ಬೆನ್ನು ಹಾಕಿ ಕೂತಿದ್ದರೆ, ಅವಳ ಮುಖ ನೋಡುತ್ತಾ ಕೂತಿದ್ದವರು ಬೇರೆಯವರಿದ್ದಾರಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕರೆದೆ. ದರ್ಜಿ, ನರ್ಸಮ್ಮ, ನಲ್ಲಿಯವನು, ಅಂಚೆಯಣ್ಣ. ಸ್ಟೂಲಿನ ಸುತ್ತ ನಿಲ್ಲಿಸಿ, “ಅಕ್ಕ ನೋಡೋಕೆ ಹೇಗಿದಾಳೆ ಹೇಳಿ” ಎಂದೆ.

“ಅಯ್ಯೋ, ನಿಮ್ಮಕ್ಕನ ವಿಷಯ ನಮ್ಮನ್ನ ಕೇಳ್ತೀರಲ್ಲ!” ಎಂದ ನಲ್ಲಿಯವನು.

“ನೀನು ಹೇಳು, ನಾನು ಬಿಡಿಸ್ತೀನಿ. ಹೆಚ್ಚು ಮಾತು ಬೇಡ.”

ಮಾತು ಬೇಡ ಎಂದರೂ ಆಯಿತು, ಮೂರು ತಾಸು. ದರ್ಜಿ ಅಳತೆಪುಸ್ತಕ ತಂದಿದ್ದ: ಕತ್ತು ಹದಿನಾಲ್ಕು ಇಂಚು, ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ನರ್ಸಮ್ಮ ಮೂಗು ಚಿಕ್ಕದು ಎಂದಳು, ನಲ್ಲಿಯವನು ದೊಡ್ಡದು ಎಂದ. ನಕ್ಕಾಗ ದೊಡ್ಡದಾಗುತ್ತದೆ ಎಂದು ಕೊನೆಗೆ ರಾಜಿಯಾದರು. “ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾರೆ, ಈ ಕಡೆ ಹಲ್ಲಿಲ್ಲ” ಎಂದ ನಲ್ಲಿಯವನು. ಯಾವ ಹಲ್ಲು, ಯಾವಾಗ ಹೋಯಿತು? ನನಗೆ ಗೊತ್ತಿರಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಅಂಚೆಯಣ್ಣ ಎಲ್ಲರಿಗಿಂತ ಕೊನೆಗೆ ಬಾಯಿಬಿಟ್ಟ. “ಎಡ ಹುಬ್ಬು ಮೇಲೆ ಹೋಗ್ಬೇಕು. ಹಾಗಲ್ಲ, ಇನ್ನೂ ಸ್ವಲ್ಪ. ಯಾರಾದ್ರೂ ಒಂದು ವಿಷಯ ಅರ್ಧ ಹೇಳಿ ನಿಲ್ಲಿಸಿದಾಗ ‘ಆಮೇಲೆ?’ ಅಂತಾರಲ್ಲ, ಆಗ ಹೋಗುತ್ತೆ. ಅದು ಹೋಯ್ತು ಅಂದ್ರೆ ಮುಗೀತು, ನಾನು ಎಲ್ಲಾ ಹೇಳಿಬಿಡ್ತೀನಿ.”

ಉಳಿದ ಮೂವರೂ ಹೂಂ ಹೂಂ ಅದೇ ಎಂದರು. ನಾನು ಕಾಣದ ಹುಬ್ಬನ್ನು ಎತ್ತಿದೆ. ನಾನು ಕಾಣದ ಹಲ್ಲಿನ ಜಾಗ ಖಾಲಿ ಬಿಟ್ಟೆ. ನೀಲಿ ರವಿಕೆಯನ್ನು ಮಾತ್ರ ಮೊಳೆಗೆ ತೂಗುಹಾಕಿ, ನೋಡಿಕೊಂಡು ಬಿಡಿಸಿದೆ.

ಮುಗಿದ ಮೇಲೆ ಯಾರೂ ಚೆನ್ನಾಗಿದೆ ಅನ್ನಲಿಲ್ಲ. ನರ್ಸಮ್ಮ ಕಾಗದದ ಕಡೆ ನೋಡುತ್ತಾ, “ನಮ್ಮತ್ತೆ ಮೊನ್ನೆಯಿಂದ ಮಾತಾಡ್ತಿದಾರೆ” ಎಂದಳು. ಹೇಳಿದ್ದು ಚಿತ್ರಕ್ಕೆ.

ರವಿಕೆಯನ್ನೂ ಚಿತ್ರವನ್ನೂ ಒಂದೇ ಪೊಟ್ಟಣ ಮಾಡಿ ಅಂಚೆಯಣ್ಣನ ಕೈಗೆ ಕೊಟ್ಟೆ. ಜೊತೆಗೆ ಚೀಟಿ ಬರೆಯಬೇಕೆಂದು ಕೂತು, ಮೂರು ಚೀಟಿ ಹರಿದು, ನಾಲ್ಕನೆಯದರಲ್ಲಿ ‘ತಪ್ಪು ತಿಳಿದೆ. ಬಾ’ ಎಂದು ಬರೆದೆ.

ಎಂಟನೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ನಿಂತಿದ್ದಳು. ಮೈಮೇಲೆ ನೀಲಿ ರವಿಕೆ. ಸೀದಾ ಒಳಗೆ ಹೋಗಿ, ಚೀಲ ಇಟ್ಟು, ಒಲೆ ನೋಡಿ, “ಇದೇನು ಗತಿ” ಎಂದು ಅಡುಗೆಗೆ ನಿಂತಳು. ಬೇಡ ಎನ್ನಲು ಧೈರ್ಯವಾಗಲಿಲ್ಲ. ಇಬ್ಬರೂ ಉಂಡೆವು. ಕೈ ತೊಳೆದು ಬಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟಳು.

“ಚೆನ್ನಾಗಿದಾಳೆ” ಎಂದಳು. “ಯಾರಿವಳು?”

“ನೀನೇ.”

“ನಿನ್ನೆದುರು ನಾನು ಯಾವತ್ತಾದ್ರೂ ಹೀಗೆ ನಕ್ಕಿದೀನಾ?”

“ಇಲ್ಲ. ಅವರು ಹೇಳಿದ್ರು, ನಾನು ಕಲ್ಪನೆ ಮಾಡ್ಕೊಂಡೆ.”

“ನೀನು?” ಎಂದಳು ಅಕ್ಕ.

“ಚಾರ್ಟಿಗೆ ಹಾಕ್ತೀನಿ. ಡಾಕ್ಟರ ಚೌಕದಲ್ಲಿ. ಹೆಂಗೂ ಅದು ಕ್ಷೌರದವನು.” ಯಜಮಾನನನ್ನು ನಾನು ಇನ್ನೂ ಕೇಳಿರಲಿಲ್ಲ.

“ಕೆಳಗೆ ಏನಂತ ಬರೀತೀಯ? ನಂದೇನು ಕೆಲಸ?”

“ಇವರು ಎಲ್ಲರನ್ನೂ ಮಾತನಾಡಿಸುತ್ತಾರೆ.”

ಅಕ್ಕ ಆ ಸಾಲನ್ನು ಬಾಯಲ್ಲಿ ಒಮ್ಮೆ ಆಡಿಸಿ ನೋಡಿದಳು. ಆಮೇಲೆ ಎದ್ದು ಹೋಗಿ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಬಿಳಿಯ ಪಟ್ಟಿ ಸರಿ ಮಾಡಿಕೊಂಡು, “ಈಗ ನೋಡ್ಕೊಂಡು ಬಿಡಿಸು” ಎಂದಳು.

ಹಲಗೆ ಹಿಡಿದು ಎದುರು ಕೂತೆ. ಅಕ್ಕ ಪಾಸ್‌ಪೋರ್ಟ್ ಫೋಟೋಗೆ ಕೂತವರ ಹಾಗೆ ಬಿಗಿಯಾಗಿ ಕೂತಿದ್ದಳು. ನನ್ನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಯಾರೋ ಮಾತಾಡಬೇಕಿತ್ತು.

“ಊಟ ಆಯ್ತಾ?” ಎಂದೆ.

“ಈಗ ತಾನೇ ನಿನಗೆ ಬಡಿಸಿ ನಾನೂ ಮಾಡಿದ್ನಲ್ಲೇ.”

ಪೆನ್ಸಿಲು ಚೂಪಾಗಿಯೇ ಇತ್ತು, ಆದರೂ ಕೆತ್ತಿದೆ. ಕೊನೆಗೆ, “ಆ ಹಲ್ಲು ಯಾವಾಗ ಕೀಳಿಸಿದ್ದು?” ಎಂದು ಕೇಳಿದೆ.

“ನಿನ್ನ ಜೀರ್ಣಾಂಗದ ಚಾರ್ಟಿನ ಟೈಮಲ್ಲಿ. ಹೇಳಿದ್ದೆ. ನೀನು ಹೂಂ ಅಂದೆ.”

“ನೋವಾಯ್ತಾ?”

“ಒಬ್ಬಳೇ ಹೋಗಿದ್ದೆ. ಕೂರಿಸಿದ, ಬಾಯಿ ತೆರೆಸಿದ, ಅಷ್ಟರಲ್ಲಿ ಕರೆಂಟು ಹೋಯ್ತು ನೋಡು...” ಎಂದು ಹೇಳಿ ಅಕ್ಕ ನಿಲ್ಲಿಸಿದಳು. ಮುಂದೆ ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು.

“ಆಮೇಲೆ?” ಎಂದೆ.

ಅವಳ ಎಡ ಹುಬ್ಬು ಮೇಲೆ ಹೋಯಿತು. ಅಂಚೆಯಣ್ಣ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೋಯಿತು. ಆಮೇಲೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು, ಮೈಯೆಲ್ಲ ಕುಲುಕಿಸುತ್ತಾ, ನಡೆದದ್ದನ್ನು ಹೇಳತೊಡಗಿದಳು. ನಾನು ಅಲ್ಲಾಡಬೇಡ ಎಂದು ಹೇಳಲಿಲ್ಲ.